ತಳದ ಹಿಡಿ ಜೋಳ

ಮಂಗಳ ಗ್ರಹದ ಸುತ್ತ ತಿರುಗುವ ಹಳೆಯ ನೌಕೆಯೊಂದರಲ್ಲಿ ಇಂಧನ ಎಷ್ಟು ಉಳಿದಿದೆ ಎಂದು ಲೆಕ್ಕ ಇಡುವ ಕೆಲಸವನ್ನು ಹಾನಗಲ್ಲ ತಾಲೂಕಿನ ಆಡೂರಿನವನ ಕೈಗೆ ಕೊಡಬಾರದಿತ್ತು. ಕೊಟ್ಟದ್ದೂ ಆಯಿತು ಅನ್ನಿ, ಅವನ ಮೇಲಿನ ಕುರ್ಚಿಯಲ್ಲಿ ಹಿರೇಕೆರೂರಿನವರನ್ನು ಕೂಡಿಸಬಾರದಿತ್ತು. ಇಬ್ಬರಲ್ಲಿ ಒಬ್ಬರಾದರೂ ಪರದೇಶದವರಾಗಿದ್ದರೆ ನಮ್ಮ ಆ ಮುದುಕಿ ನೌಕೆ ಹಾಗೆ ಹೋಗುತ್ತಿರಲಿಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಯಾರ ಮೇಲೆ ಸಿಟ್ಟು ಎಂಬುದನ್ನು ಕತೆ ಕೇಳಿದ ಮೇಲೆ ನೀವೇ ಹೇಳಿ.

ನಾನು ಸವಣೂರಿನ ಅಖ್ತರುನ್ನೀಸಾ. ಶಿಗ್ಗಾಂವಿಯಿಂದ ಸವಣೂರಿಗೆ ಬರುವ ದಾರಿಯಲ್ಲಿ ಒಂದು ಬೋಳು ಗುಡ್ಡದ ಮೇಲೆ ಆಗ ಒಂದು ಕೇಂದ್ರವಿತ್ತು. ಅಲ್ಲಿಯ ಟೆಲಿಪ್ರಿಂಟರ್ ನನ್ನದು. ಹೊರದೇಶದ ಕಚೇರಿಯಿಂದ ಬಂದದ್ದನ್ನು ಹರಿದು ಸಾಹೇಬರ ಮೇಜಿಗೆ ಒಯ್ಯುವುದು, ಅವರು ಹೇಳಿದ್ದನ್ನು ಬಡಿದು ಕಳಿಸುವುದು, ಇಷ್ಟೇ ಕೆಲಸ. ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಬಾಯಿ ತೆರೆದು ನಿಂತ ದೊಡ್ಡ ಆಂಟೆನಾ. ಹತ್ತಿಮತ್ತೂರಿನ ಕಡೆಯಿಂದ ಸಂತೆಗೆ ಹೋಗುವ ಹೆಂಗಸರು ಅದನ್ನು ನೋಡಿ, ಯಾವ ದೇವರ ಮದುವೆಯ ಅನ್ನ ಹರವಲು ಇಷ್ಟು ದೊಡ್ಡ ಪರಾತ ತಂದಿದ್ದಾರೋ ಎಂದು ನಕ್ಕರು. ಅಂದಿನಿಂದ ಅದು ಪರಾತಗುಡ್ಡ. ಸರಕಾರಿ ಹೆಸರು ಬೋರ್ಡಿನ ಮೇಲಷ್ಟೇ ಉಳಿಯಿತು.

ನೌಕೆ ನಮ್ಮದಲ್ಲ. ಹೊರದೇಶದವರು ಎಪ್ಪತ್ತರ ದಶಕದ ನಡುವೆ ಹಾರಿಸಿ, ಮಂಗಳನ ಸುತ್ತ ತಿರುಗಲು ಬಿಟ್ಟು, ತಮಗೆ ಬೇಕಾದ ಚಿತ್ರಗಳನ್ನೆಲ್ಲ ತೆಗೆದುಕೊಂಡು, ಎಪ್ಪತ್ತೆಂಟರಲ್ಲಿ ನಮ್ಮ ಕೊರಳಿಗೆ ಕಟ್ಟಿದರು. ಅವರ ಹತ್ತಿರ ಹೊಸ ನೌಕೆಗಳಿದ್ದವು, ಹಳೆಯದನ್ನು ನೋಡಲು ಪುರುಸೊತ್ತಿರಲಿಲ್ಲ. ಹಲ್ಲುದುರಿದ ಎತ್ತನ್ನು ಬಡ ನೆಂಟನ ಮನೆಗೆ ಹೊಡೆಯುತ್ತಾರಲ್ಲ, ಹಾಗೆ. ಇನ್ನೊಂದು ವರ್ಷ ಬಾಳಬಹುದು, ಕೈ ಕಲಿಯಲು ಇಟ್ಟುಕೊಳ್ಳಿ ಎಂದರು. ಅವರಿಟ್ಟ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಅದರ ಒಂದು ಸೌರಫಲಕ ಅರ್ಧ ಸತ್ತಿತ್ತು, ಒಂದು ಕ್ಯಾಮೆರಾ ಕುರುಡಾಗಿತ್ತು, ಮಾತು ತಡೆತಡೆದು ಬರುತ್ತಿತ್ತು. ನಾವು ಮುದುಕಿ ಎಂದು ಕರೆದೆವು. ಬೆಳಿಗ್ಗೆ ಕೆಲಸಕ್ಕೆ ಬಂದವರು ಚೀಲ ಕೆಳಗಿಡುವ ಮೊದಲೇ, "ಮುದುಕಿ ಏನಂತಾಳ?" ಎಂದು ಕೇಳುತ್ತಿದ್ದರು.

ಮುದುಕಿಗೆ ಬೇಕಾದದ್ದು ಸ್ವಲ್ಪವೇ. ಫಲಕದ ಮುಖ ಸೂರ್ಯನ ಕಡೆಗಿರಬೇಕು, ಮಾತಾಡುವ ಬಾಯಿ ಭೂಮಿಯ ಕಡೆಗಿರಬೇಕು. ಆಚೀಚೆ ಹೊರಳಿದರೆ ಸರಿಪಡಿಸಿಕೊಳ್ಳಲು ಮೈಮೇಲೆ ಸಣ್ಣ ಸಣ್ಣ ಕೊಳವೆಗಳಿದ್ದವು. ಅವು ಫುಸ್ ಎಂದು ಒಂದು ಉಸಿರು ಬಿಟ್ಟರೆ ಮೈ ತುಸು ತಿರುಗುತ್ತದೆ. ಆ ಉಸಿರಿಗೆ ಇಂಧನ ಬೇಕು. ಟಾಕಿಯಲ್ಲಿದ್ದಷ್ಟೇ ಗತಿ, ಮತ್ತೆ ತುಂಬಿಸಲು ಅಲ್ಲೇನು ಪೆಟ್ರೋಲ್ ಬಂಕ್ ಇದೆಯೇ? ಅದು ತೀರಿದ ದಿನ ಆಕೆ ತನ್ನ ಪಾಡಿಗೆ ಹೊರಳುತ್ತಾಳೆ, ಬಾಯಿ ಭೂಮಿಯಿಂದ ತಪ್ಪುತ್ತದೆ, ಬಿಸಿಲು ಸಿಗದೆ ಬ್ಯಾಟರಿ ಆರುತ್ತದೆ. ಅಲ್ಲಿಗೆ ಮುಗಿಯಿತು.

ಎಷ್ಟು ಉಳಿದಿದೆ ಎಂದು ನೋಡಲು ಮುಳ್ಳೂ ಇರಲಿಲ್ಲ. ಮನೆಯಲ್ಲಾದರೆ ಸ್ಟೋವನ್ನು ಅಲುಗಾಡಿಸಿ ಸೀಮೆಎಣ್ಣೆ ಇದೆಯೋ ಇಲ್ಲವೋ ಹೇಳಬಹುದು. ತೂಕವೇ ಇಲ್ಲದ ಜಾಗದಲ್ಲಿ ಇಂಧನ ತಳದಲ್ಲಿ ನಿಲ್ಲುವುದಿಲ್ಲ, ಟಾಕಿಯ ಗೋಡೆಗೆ ಅಂಟಿಕೊಂಡು ತೇಲುತ್ತಿರುತ್ತದೆ. ಇದ್ದದ್ದು ಒಂದೇ ದಾರಿ. ಮೊದಲು ಎಷ್ಟಿತ್ತು ಎಂಬುದರಲ್ಲಿ ಪ್ರತಿ ಉಸಿರಿಗೆ ಎಷ್ಟು ಹೋಯಿತು ಎಂಬುದನ್ನು ಕಳೆಯುತ್ತ ಬರುವುದು. ಕಳೆಯುವ ಕೆಲಸ ಉಡಚಪ್ಪನದು.

ಆಡೂರಿನ ಉಡಚಪ್ಪ ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದ್ದ. ತೆಳ್ಳಗಿನ ಆಳು, ಮಾತು ಕಡಿಮೆ, ಮದುವೆಯ ಮಾತೆತ್ತಿದರೆ ಕಿವಿ ಕೆಂಪಾಗುತ್ತಿತ್ತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ದಿನಾ ಮನೆಯಿಂದಲೇ ಬರುತ್ತಿದ್ದ, ಏಕೆಂದರೆ ತಾಯಿ ಚೌಡವ್ವನ ಕೈಯ ರೊಟ್ಟಿ ಬಿಟ್ಟು ಬೇರೆ ಊಟ ಅವನಿಗೆ ಒಗ್ಗದು. ಚೌಡವ್ವನಿಗೂ ಮುದುಕಿಯ ಹುಚ್ಚು ಹಿಡಿದಿತ್ತು. ದಿನಾ ಸಂಜೆ ಮಗ ಕಾಲು ತೊಳೆಯುವಾಗ, ನಿಮ್ಮ ಮುದುಕಿ ಹೆಂಗದಾಳೋ, ಉಂಡಳೇನೋ ಎಂದು ಕೇಳುವುದು. ತನ್ನ ಓರಗೆಯವಳು ಯಾರೋ ದೂರದೂರಿಗೆ ಹೋಗಿದ್ದಾಳೆ ಎಂಬ ಹಾಗೆ.

ಚೌಡವ್ವನ ಗಡಿಗೆಯ ವಿಷಯ ಹೇಳದೆ ಉಡಚಪ್ಪನ ಲೆಕ್ಕ ತಿಳಿಯುವುದಿಲ್ಲ. ನಮ್ಮ ಕಡೆ ಜೋಳದ ಗಡಿಗೆಯನ್ನು ತಳ ಕಾಣುವಂತೆ ಬಳಿಯುವುದಿಲ್ಲ. ಒಂದು ಹಿಡಿ ಉಳಿಸಬೇಕು. ಉಳಿಸಿದ್ದನ್ನು ಯಾರಿಗೂ ಹೇಳಬಾರದು. ಗಂಡ ಕೇಳಿದರೂ ಮುಗಿಯಿತು ಎನ್ನಬೇಕು, ಮಕ್ಕಳು ಕೇಳಿದರೂ ಮುಗಿಯಿತು ಎನ್ನಬೇಕು. ಹೊತ್ತಿಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ, ಮಳೆ ಹಿಡಿದು ಸಂತೆ ತಪ್ಪಿದಾಗ ಆ ಹಿಡಿ ಹೊರಗೆ ಬರುತ್ತದೆ. ನನ್ನ ತಾಯಿ ಬಾನುಬಿ ಅಕ್ಕಿಯ ಡಬ್ಬಿಯಲ್ಲಿ ಇದನ್ನೇ ಮಾಡುತ್ತಾಳೆ. ಸುಳ್ಳು ಹೇಳುವುದು ಪಾಪ ಎಂದು ಕಲಿಸಿದ ಬಾಯಿಯೇ ಈ ಸುಳ್ಳನ್ನೂ ಕಲಿಸುತ್ತದೆ. ಜೋಳ ಮುಗಿಯಿತು ಎಂದು ಹೆಂಗಸು ಹೇಳಿದರೆ ನಮ್ಮ ಗಂಡಸರು ಗಾಬರಿಯಾಗುವುದಿಲ್ಲ, ಬೀಡಿ ಸೇದಿ ಮುಗಿಸಿ ನಿಧಾನಕ್ಕೆ ಚೀಲ ಹುಡುಕುತ್ತಾರೆ.

ಇದನ್ನು ಉಡಚಪ್ಪ ಮಂಗಳನವರೆಗೆ ಒಯ್ದ. ಪ್ರತಿ ಉಸಿರಿನ ಖರ್ಚನ್ನು ಕೂದಲೆಳೆಯಷ್ಟು ಹೆಚ್ಚಿಗೆ ಬರೆಯುತ್ತ ಬಂದ. ಮೋಸ ಮಾಡಬೇಕೆಂದಲ್ಲ. ಬೇರೆ ರೀತಿ ಲೆಕ್ಕ ಇಡುವುದು ಅವನ ಕೈಗೆ ಬರುತ್ತಲೇ ಇರಲಿಲ್ಲ.

ಎಂಬತ್ತೊಂದರ ಮಳೆಗಾಲಕ್ಕೆ ಲೆಕ್ಕದಲ್ಲಿ ಇಂಧನ ಸೊನ್ನೆಗೆ ಬಂತು. ಹೊರದೇಶದ ಕಚೇರಿ ಎರಡೇ ಸಾಲು ಕಳಿಸಿತು: ಚೆನ್ನಾಗಿ ನಡೆಸಿದಿರಿ, ಇನ್ನು ಮುಚ್ಚಿರಿ. ನಾನೇ ಹರಿದು ಪರಮೇಶಪ್ಪ ಸಾಹೇಬರ ಮುಂದಿಟ್ಟೆ. ಸಾಹೇಬರು ಹಿರೇಕೆರೂರಿನವರು. ಜೋರು ದನಿ, ದೊಡ್ಡ ಹೊಟ್ಟೆ, ಗುಡ್ಡದ ಮೇಲೆ ದುಡಿಯುವವರೆಲ್ಲ ತಮ್ಮ ಮನೆಯ ಮಕ್ಕಳು ಎಂದು ತಿಳಿದ ಮನುಷ್ಯ. ಮುದುಕಿ ಸತ್ತರೆ ಕೇಂದ್ರ ಮುಚ್ಚುತ್ತದೆ, ನಲವತ್ತು ಮನೆಯ ಒಲೆ ಆರುತ್ತದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ಉಡಚಪ್ಪ ಒಮ್ಮೆ ಕೆಮ್ಮಿದ.

"ಸಾಹೇಬ್ರ, ತಳದಾಗ ಒಂದ್ ಹಿಡಿ ಐತ್ರಿ."

ಆ ಹಿಡಿಯಲ್ಲಿ ಮುದುಕಿ ವರ್ಷಗಟ್ಟಲೆ ಬಾಳಿದಳು. ಹೊರದೇಶದವರು ಬೆರಗಾಗಿ ಬಂದು ಹಾರ ಹಾಕಿದರು. ಸನ್ಮಾನದ ದಿನ ಪರಮೇಶಪ್ಪ ಸಾಹೇಬರು ಮೈಕಿನ ಮುಂದೆ ನಿಂತು, ಇದರ ಗುಟ್ಟು ಆಡೂರಿನ ಚೌಡವ್ವನ ಗಡಿಗೆಯಲ್ಲಿದೆ ಎಂದು ಕತೆ ಮಾಡಿ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಚಪ್ಪಾಳೆ ಹೊಡೆದರು. ಉಡಚಪ್ಪ ಒಬ್ಬನೇ ನಗಲಿಲ್ಲ. ಕೆಟ್ಟದ್ದು ಅವತ್ತೇ. ಇಟ್ಟವನಿಗೆ ಮಾತ್ರ ಗೊತ್ತಿರಬೇಕಾದದ್ದು ಊರಿಗೆಲ್ಲ ಗೊತ್ತಾಯಿತು. ಆಮೇಲೆ ಅವನು ಇಷ್ಟು ಉಳಿದಿದೆ ಎಂದಾಗಲೆಲ್ಲ ಕೇಳಿದವರು ಮನಸ್ಸಿನಲ್ಲೇ ಒಂದು ಹಿಡಿ ಸೇರಿಸಿಕೊಳ್ಳತೊಡಗಿದರು.

ಸೇರಿಸಿಕೊಂಡದ್ದು ತಪ್ಪೂ ಅಲ್ಲ, ಅವನು ಮತ್ತೊಂದು ಹಿಡಿ ಇಟ್ಟಿದ್ದ. ಈ ಸಲ ಅದು ಬಾಳುವುದಕ್ಕಲ್ಲ, ಕೊನೆಯ ಕೆಲಸಕ್ಕೆ. ಮಂಗಳನ ಮೇಲೂ ತೆಳ್ಳಗೆ ಗಾಳಿಯಿದೆ. ಅದರ ಅಂಚು ಉಜ್ಜಿ ಉಜ್ಜಿ ಮುದುಕಿ ಪ್ರತಿ ಸುತ್ತಿಗೂ ತುಸು ಕೆಳಗಿಳಿಯುತ್ತಿದ್ದಳು. ಹಾಗೇ ಬಿಟ್ಟರೆ ಒಂದು ದಿನ ಉರಿದು ಆ ಕೆಂಪು ಮಣ್ಣಿನ ಮೇಲೆ ಬೀಳುತ್ತಾಳೆ. ಕಣ್ಣು ಮುಚ್ಚುವ ಮೊದಲು ಒಮ್ಮೆ ಬಲವಾಗಿ ಮೇಲಕ್ಕೆ ದಬ್ಬಿದರೆ ಯಾವ ಗಾಳಿಯೂ ಮುಟ್ಟದ ಎತ್ತರದಲ್ಲಿ ತಣ್ಣಗೆ ತಿರುಗಿಕೊಂಡಿರುತ್ತಾಳೆ. ಭೂಮಿಯ ಕೊಳೆ ಬೇರೆ ಗ್ರಹಕ್ಕೆ ತಾಕಬಾರದು ಎಂದು ಹೊರದೇಶದವರದೂ ನಿಯಮವಿತ್ತು. ಉಡಚಪ್ಪನ ನಿಯಮ ಬೇರೆ.

"ದುಡಿಯಾಕ ಕರ್ಕೊಂಡ್ ಹೋದ ಹೆಣ್ಮಗಳನ್ನ ಹೊಳ್ಳಿ ಮನಿ ಮುಟ್ಟಿಸಬೇಕು ತಂಗಿ," ಎಂದು ಒಮ್ಮೆ ನನಗೆ ಹೇಳಿದ್ದ. "ಮನಿ ಮುಟ್ಟಿಸೂದು ನಮ್ಮ ಕೈಲಿ ಆಗೂದಿಲ್ಲ. ದಾರಿಯಾಗ ಬೀಳಾಕರೆ ಬಿಡಬಾರದು."

ಇನ್ನು ಹಜರತಅಲಿ. ಬಂಕಾಪುರದವನು, ಮುದುಕಿಗೆ ಅಪ್ಪಣೆ ಕಳಿಸುವ ಗುಂಡಿಗಳು ಅವನ ಕೈಯಲ್ಲಿದ್ದವು. ಚಂದದ ಹುಡುಗ, ಆ ಚಂದ ಅವನಿಗೂ ಚೆನ್ನಾಗಿ ಗೊತ್ತಿತ್ತು. ಎಡವಿ ಬಿದ್ದರೆ ಕಲ್ಲಿನದೇ ತಪ್ಪು ಎನ್ನುವವನು. ಎಂಬತ್ತಮೂರರ ಸುಗ್ಗಿಯಲ್ಲಿ ನಾನು ಮದುವೆಯೊಂದಕ್ಕೆ ರಜೆ ಹಾಕಿದ್ದ ಒಂದು ಮಧ್ಯಾಹ್ನ ಅವನು ಮುದುಕಿಗೆ ಬಲಕ್ಕೆ ತಿರುಗು ಎನ್ನುವುದರ ಬದಲು ಎಡಕ್ಕೆ ತಿರುಗು ಎಂದು ಕಳಿಸಿಬಿಟ್ಟ. ಮಾತು ಅಲ್ಲಿಗೆ ಮುಟ್ಟಿ ಉತ್ತರ ಬರುವಷ್ಟರಲ್ಲಿ ಆಕೆ ಗಿರಗಿರನೆ ತಿರುಗತೊಡಗಿದ್ದಳು. ಉಡಚಪ್ಪ ಅವನ ಪಕ್ಕ ಕುರ್ಚಿ ಎಳೆದುಕೊಂಡು, ಒಂದೊಂದೇ ಉಸಿರು ಬಿಡಿಸಿ, ಹೊತ್ತು ಮುಳುಗುವಷ್ಟರಲ್ಲಿ ಆಕೆಯ ಮುಖವನ್ನು ಭೂಮಿಯ ಕಡೆಗೆ ತಂದ. ಇಟ್ಟ ಹಿಡಿಯಲ್ಲಿ ಬಹುಪಾಲು ಹೋಯಿತು. ಕೊನೆಗೊಮ್ಮೆ ಮೇಲಕ್ಕೆ ದಬ್ಬಲು ಎಷ್ಟು ಬೇಕೋ ಅಷ್ಟೇ ಉಳಿಯಿತು.

ಹಜರತಅಲಿಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇಂಥ ತಪ್ಪಿಗೆ ಮನೆಗೆ ಕಳಿಸುವುದೇ ಪದ್ಧತಿ. ಹೆಂಡತಿ ದಾವಲಬಿ ತುಂಬಿದ ಬಸುರಿ. ಉಡಚಪ್ಪ ಅವನ ಬೆನ್ನು ತಟ್ಟಿ, "ಯಾರ ಮುಂದೂ ಬಾಯಿ ಬಿಡಬ್ಯಾಡ. ಮುದುಕಿ ಹೊಳ್ಳಿ ನೋಡ್ಯಾಳ, ಸಾಕು," ಎಂದು ಆ ದಿನ ಕಳಿಸಿದ ಅಪ್ಪಣೆಗಳೆಲ್ಲ ದಾಖಲಾಗಿದ್ದ ಟೇಪನ್ನು ತಾನೇ ಅಳಿಸಿಬಿಟ್ಟ. ಕಾಗದದಲ್ಲಿ ಏನನ್ನೂ ತಿದ್ದುವ ಕಾರಣವಿರಲಿಲ್ಲ. ಆ ಹಿಡಿ ಲೆಕ್ಕದೊಳಗೆ ಇರಲೇ ಇಲ್ಲವಲ್ಲ, ಹೋದದ್ದೂ ಲೆಕ್ಕಕ್ಕೆ ಬರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಮರುವರ್ಷ.

ಮರುವರ್ಷ ದಿಲ್ಲಿಯಿಂದ ಒಂದು ಕಮಿಟಿ ಬರುತ್ತದೆ ಎಂದು ಸುದ್ದಿ ಬಂತು. ಕೇಂದ್ರಕ್ಕೆ ಹೊಸ ಕೆಲಸ ಕೊಡಬೇಕೋ ಬೀಗ ಹಾಕಬೇಕೋ ಎಂದು ನೋಡಲು. ಪರಮೇಶಪ್ಪ ಸಾಹೇಬರು ಒಂದು ಯೋಚನೆ ಹಾಕಿದರು. ಕಮಿಟಿಯವರು ಕೂತಿದ್ದಾಗಲೇ ಮುದುಕಿಯ ಉಳಿದೊಂದು ಕಣ್ಣನ್ನು ಮಂಗಳನ ದೊಡ್ಡ ಬೆಟ್ಟದ ಕಡೆಗೆ ತಿರುಗಿಸಿ, ತಾಜಾ ಚಿತ್ರ ತೆಗೆದು ಪರದೆಯ ಮೇಲೆ ಇಳಿಸುವುದು. ಅದನ್ನು ಕಂಡ ಮೇಲೆ ಯಾರು ಬೀಗ ಹಾಕುತ್ತಾರೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಗೊಣಗಿದೆ. ಆದರೆ ಅವರು ಹೂವು ಮುಡಿಯಹೊರಟದ್ದು ನಮ್ಮೆಲ್ಲರ ಹೊಟ್ಟೆಗಾಗಿಯೇ. ಅದಕ್ಕೇ ಅವರ ಮೇಲೆ ಸಿಟ್ಟು ನಿಲ್ಲುವುದಿಲ್ಲ.

ಊಟದ ಹೊತ್ತು. ನಾನು ಸಾಹೇಬರ ಕೋಣೆಯಲ್ಲಿ ಕಮಿಟಿಗೆ ಕಳಿಸುವ ಉತ್ತರ ಬರೆದುಕೊಳ್ಳುತ್ತಿದ್ದೆ. ಉಡಚಪ್ಪ ಒಳಗೆ ಬಂದು ಕೂರದೆ ನಿಂತೇ ಮಾತಾಡಿದ.

"ಸಾಹೇಬ್ರ, ಈ ವಾರದಾಗ ಆಕಿನ್ನ ಮ್ಯಾಲ ದಬ್ಬಿಬಿಡೂಣ್ರಿ. ಉಳದಿದ್ದು ಅಷ್ಟಕ್ಕ ಮಾತ್ರ ಐತಿ."

"ಕಮಿಟಿ ಬಂದ್ ಹೋಗ್ಲಿ, ದಬ್ಬೂಣು."

"ಆಮ್ಯಾಲ ಇರೂದಿಲ್ರಿ. ಬೆಟ್ಟದ ಕಡೆ ತಿರುಗಿಸಿ, ಚಿತ್ರ ತಗಿಯೂತನಕ ಅಲುಗದಂಗ ಹಿಡದ್ರ ಇದ್ದದ್ದೆಲ್ಲಾ ಅಲ್ಲೇ ಖಾಲಿ, ಹೊಳ್ಳಿ ಈ ಕಡೆ ತಿರುಗಾಕ ಸೈತ ಸಾಲೂದಿಲ್ಲ. ಮುಗದೈತ್ರಿ."

ಸಾಹೇಬರು ಪ್ರೀತಿಯಿಂದಲೇ ನಕ್ಕರು. "ಏ ಉಡಚಪ್ಪ, ಹಿರೇಕೆರೂರಾಗ ನಮ್ಮವ್ವನೂ ಗಡಗಿ ತಳದಾಗ ಜ್ವಾಳ ಇಟ್ಟಾಕೀನ. ನಾ ಏನ್ ಇಂಗ್ಲೆಂಡಿನ್ಯಾಗ ಹುಟ್ಟೇನೇನು? ಹಿಂದಕ ನಿನ್ನ ಲೆಕ್ಕ ಸೊನ್ನಿ ಅಂದಿತ್ತು. ಎಷ್ಟ್ ವರ್ಷ ನಡೀತು ಹೇಳು?"

"ಈ ಸಲ ಇಲ್ರಿ."

"ಐತಿ ಅಂತ ಬಾಯಿ ಬಿಟ್ಟು ಹೇಳಿದ್ರ ಅದು ಇಟ್ಟ ಹಿಡಿ ಹೆಂಗಾದೀತು? ನೀ ಇಲ್ಲ ಅಂದಾಗನ ನನಗ ಧೈರ್ಯ ಬರ್ತೈತಿ."

ಉಡಚಪ್ಪ ನೆಲ ನೋಡುತ್ತ ನಿಂತ. ಒಮ್ಮೆ ಬಾಗಿಲ ಕಡೆ ನೋಡಿ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಆಗ ಬಾಗಿಲ ಹೊರಗಿದ್ದ ಹಜರತಅಲಿ ಒಳಗೆ ಬಂದ. ಮುಖ ಸುಣ್ಣದಂತಾಗಿತ್ತು.

"ಸಾಹೇಬ್ರ, ಆ ಹಿಡಿ ನಾ ತಿಂದೇನ್ರಿ," ಎಂದ. ಸುಗ್ಗಿಯ ಮಧ್ಯಾಹ್ನದ ಕತೆಯನ್ನೆಲ್ಲ ಹೇಳಿದ. ಬಲಕ್ಕೆ ಎಡ ಎಂದದ್ದು, ಮುದುಕಿ ಗಿರಗಿರನೆ ತಿರುಗಿದ್ದು, ಟೇಪು ಅಳಿಸಿದ್ದು. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. "ಅಣ್ಣಾರ ನನ್ನ ನೌಕರಿ ಉಳಿಸಾಕ ಸುಮ್ನದಾರ. ನನ್ನ ಮನಿಗೆ ಕಳಸ್ರಿ. ಆಕಿನ್ನ ಮಾತ್ರ ಬೀಳಾಕ ಬಿಡಬ್ಯಾಡ್ರಿ."

ಪರಮೇಶಪ್ಪ ಸಾಹೇಬರು ಕನ್ನಡಕ ತೆಗೆದರು. ಅವರ ಕಣ್ಣಲ್ಲಿ ನೀರು ತುಂಬಿತು. ನಂಬಿದರು, ದೇವರು ದೊಡ್ಡವನು ಎಂದುಕೊಂಡೆ ನಾನು.

"ಶಾಬಾಸ್ ಹಜರತಅಲಿ," ಎಂದರು. "ಮುದುಕಿ ಸಲುವಾಗಿ ನೌಕರಿನ ಪಣಕ್ಕ ಇಟ್ಟೆಲ್ಲೋ! ಇಬ್ರೂ ಕೂಡಿ ಏನ್ ಛಲೋ ಕತಿ ಕಟ್ಟೀರಿ. ಇಂಥಾ ಹುಡುಗ್ರು ನನ್ನ ಕೈಯಾಗ ಅದಾರ ಅಂತ ನಾ ಕಮಿಟಿಗೆ ಹೇಳ್ತೇನಿ."

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಇಂವಾ ತಪ್ಪು ಒಪ್ಪಿಕೊಂಡಿದ್ದು ಯಾವಾಗರೆ ಕೇಳೀರೇನ್ರಿ? ಖರೇ ಇರಲಾರದ ಇಂವನ ಬಾಯಾಗ ಇಂಥಾ ಮಾತು ಬಂದೀತೇನ್ರಿ?"

"ನೀನೂ ಸೇರ್ಕೊಂಡಿ ಏನವಾ ತಂಗಿ? ನಿಮ್ಮವ್ವನೂ ಅಕ್ಕಿ ಇಡ್ತಾಳಂತ, ನೀನ ಹೇಳಿದ್ದಿ." ಅವರು ಎದ್ದು ಬಂದು ಉಡಚಪ್ಪನ ಹೆಗಲ ಮೇಲೆ ಕೈಯಿಟ್ಟರು. "ಕಮಿಟಿ ಹೋದ ಮರುದಿನ ಆಕಿನ್ನ ದಬ್ಬೂದು ನನ್ನ ಜವಾಬ್ದಾರಿ. ಆಣಿ ಮಾಡ್ಲೇನು? ನಲವತ್ತು ಮನಿ ನೋಡಬೇಕೋ ಬ್ಯಾಡೋ?"

ದೊಡ್ಡ ಅಪ್ಪಣೆಗಳಿಗೆ ಸಾಹೇಬರ ಕೀಲಿ ಬೇಕು. ಕದ್ದು ದಬ್ಬುವ ದಾರಿಯೂ ಇರಲಿಲ್ಲ. ಅಳಿಸದಿದ್ದರೆ ಆ ಟೇಪೊಂದೇ ಸಾಕ್ಷಿ ಹೇಳುತ್ತಿತ್ತು. ಒಳ್ಳೆಯತನ ಮಾಡಿ ಕೆಟ್ಟರು ಎಂಬ ಮಾತನ್ನು ಕೇಳಿದ್ದೆ, ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಕಮಿಟಿ ಸಂಕ್ರಾಂತಿಯ ಮುಂಚಿನ ವಾರ ಬಂತು. ಗುಡ್ಡಕ್ಕೆ ತೋರಣ ಕಟ್ಟಿದ್ದೆವು. ಮೆಣಸಿನಕಾಯಿ ಬಜ್ಜಿ, ಸವಣೂರಿನ ಖಾರಾ, ಊಟದ ಮೇಲೆ ಸವಣೂರಿನದೇ ವೀಳ್ಯದೆಲೆ. ಮುದುಕಿಯ ದನಿ ಪರದೆಯ ಮೇಲೆ ಹಸಿರು ಗೆರೆಯಾಗಿ ಕುಣಿಯುತ್ತಿತ್ತು. ಹಜರತಅಲಿ ಗುಂಡಿಯ ಮುಂದೆ ಕೈ ಕಟ್ಟಿ ಕೂತ. ನಾ ಒತ್ತುವುದಿಲ್ಲ ಎಂದು ಅವನ ತುಟಿ ಅಲುಗಿತು. ಉಡಚಪ್ಪ ಬಗ್ಗಿ ಅವನ ಕಿವಿಯಲ್ಲಿ ಹೇಳಿದ.

"ಒತ್ತೋ ತಮ್ಮಾ. ನೀ ಒತ್ತದಿದ್ರ ಬ್ಯಾರೇದಾವರು ಒತ್ತತಾರ. ನಿನ್ನ ಕೈ ಆಕಿಗೆ ರೂಢಿ ಐತಿ."

ಹಜರತಅಲಿ ಒತ್ತಿದ. ಹೊತ್ತಾದ ಮೇಲೆ ಹಸಿರು ಗೆರೆ ಸಣ್ಣಗಾಗುತ್ತ ಹೋಗಿ ಅಳಿಯಿತು. ಅದು ಗೊತ್ತಿದ್ದದ್ದೇ, ಬೆಟ್ಟದ ಕಡೆ ಕಣ್ಣು ತಿರುಗಿಸಿದರೆ ಬಾಯಿ ಭೂಮಿಯಿಂದ ಆಚೆ ಹೋಗುತ್ತದೆ. ಚಿತ್ರ ತೆಗೆದು, ಹೊರಳಿ ಬಂದು, ಹೇಳಬೇಕು. ಸಾಹೇಬರು ಕಮಿಟಿಯವರಿಗೆ ಮಂಗಳನ ಬೆಟ್ಟದ ಎತ್ತರ ವರ್ಣಿಸುತ್ತಿದ್ದರು. ಚಹಾ ಬಂತು. ಚಹಾ ಮುಗಿಯಿತು. ಬಜ್ಜಿ ಆರಿ ಮೆತ್ತಗಾದವು. ಆಕೆ ಹೊರಳಿ ನೋಡುವ ಹೊತ್ತು ಬಂತು, ದಾಟಿತು. ಪರದೆಯ ಮೇಲೆ ಗೆರೆ ಮೂಡಲಿಲ್ಲ.

ಕಮಿಟಿಯ ಹಿರಿಯರು ಗಡಿಯಾರ ನೋಡಿಕೊಂಡು ಚಿತ್ರ ಯಾವಾಗ ಬರುತ್ತದೆ ಎಂದು ಕೇಳಿದರು. ಈಗ ಬಂತು ಎಂದರು ಸಾಹೇಬರು. ಅವರು ನಗುನಗುತ್ತಲೇ ಉಡಚಪ್ಪನ ಬಳಿ ಬಂದು ದನಿ ತಗ್ಗಿಸಿದರು. ನಾನು ಪಕ್ಕದಲ್ಲೇ ಇದ್ದೆ.

"ಈಗ ತಗೀಪಾ. ಹೊತ್ತಾತು."

"ಏನ್ರಿ?"

"ಆ ಹಿಡಿ. ಇಟ್ಟೀಯಲ್ಲ, ತಗೀ. ಆಕಿನ್ನ ಹೊಳ್ಳಿಸು."

"ಇಲ್ರಿ ಸಾಹೇಬ್ರ."

"ಉಡಚಪ್ಪಾ, ಚ್ಯಾಷ್ಟಿ ಸಾಕು. ಅವರು ಎದ್ದ್ ಹೋಗಾಕತ್ತಾರ. ಎಲ್ಲಿಟ್ಟಿ ಹೇಳೋ, ನಿನ್ನ ಕಾಲ್ ಬೀಳ್ತೇನಿ."

"ಎಲ್ಲೂ ಇಟ್ಟಿಲ್ರಿ," ಎಂದ ಉಡಚಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕ ಮಗುವಿಗೆ ಸಾವಿನ ಸುದ್ದಿ ಹೇಳುವವರ ಹಾಗೆ ಮೆಲ್ಲಗೆ ಹೇಳಿದ. "ಅವತ್ತ ಹೇಳಿದ್ನೆಲ್ರಿ."

ಪರಮೇಶಪ್ಪ ಸಾಹೇಬರು ನಂಬಿದ್ದು ಆಗ. ಹಿಂದೆ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು, ಪುಣ್ಯಕ್ಕೆ ಇತ್ತು. ಕಮಿಟಿಯ ಮೋಟಾರುಗಳು ಗುಡ್ಡ ಇಳಿದು ಹೋದವು. ತೋರಣ ಬಿಚ್ಚುವ ಮನಸ್ಸು ಯಾರಿಗೂ ಬರಲಿಲ್ಲ.

ನಾವು ವಾರಗಟ್ಟಲೆ ಕಿವಿಗೊಟ್ಟೆವು. ಪರಾತವನ್ನು ಮಂಗಳನ ಕಡೆಗೇ ತಿರುಗಿಸಿಟ್ಟು, ಕೂಗುವುದು, ಕಾಯುವುದು. ಒಂದು ಮಾತಿಲ್ಲ. ಬೀಗ ಹಾಕುವ ಹುಕುಂ ನನ್ನ ಟೆಲಿಪ್ರಿಂಟರಿನಲ್ಲೇ ಬಂತು, ಹರಿಯುವಾಗ ಕಾಗದ ಎರಡು ತುಂಡಾಯಿತು. ಸಾಹೇಬರು ಒಬ್ಬೊಬ್ಬರನ್ನೂ ಕರೆದು ಕೈ ಮುಗಿದರು. ಹಜರತಅಲಿಯ ನೌಕರಿಯೂ ಹೋಯಿತು, ಎಲ್ಲರದರ ಜೊತೆಗೆ, ಕಾಗದದ ಮೇಲೆ ಯಾವ ತಪ್ಪೂ ಇಲ್ಲದೆ. ಮುದುಕಿ ಈಗ ಬೆಟ್ಟದ ಕಡೆ ಮುಖ ಮಾಡಿ ಕತ್ತಲಲ್ಲಿ ತಿರುಗುತ್ತಿದ್ದಾಳೆ, ಪ್ರತಿ ಸುತ್ತಿಗೂ ತುಸು ಕೆಳಗೆ. ಯಾವ ವರ್ಷ ಬೀಳುತ್ತಾಳೋ ಹೇಳಬಲ್ಲವನು ಒಬ್ಬನೇ ಇದ್ದ. ನಾವು ಕಾಯುವುದನ್ನು ನಿಲ್ಲಿಸಿದ ಮಾರನೆಯ ದಿನದಿಂದ ಉಡಚಪ್ಪ ಗುಡ್ಡಕ್ಕೆ ಬರಲಿಲ್ಲ.

ನಾನೂ ಹಜರತಅಲಿಯೂ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಆಡೂರಿಗೆ ಹೋದೆವು. ಹಳೆಯ ಶಾಸನದ ಕಲ್ಲಿನ ಪಕ್ಕದ ಓಣಿಯಲ್ಲಿ ಮನೆ. ಉಡಚಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಬರ್ರಿ ಎಂದು ಚಾಪೆಯ ಕಡೆ ಕೈ ತೋರಿಸಿದ. ಚೌಡವ್ವ ಒಳಗಿನಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ ಬಂದಳು. ನಮ್ಮನ್ನು ಕಂಡು ಹಿಗ್ಗಿದಳು, ಮರುಕ್ಷಣವೇ ಪೇಚಾಡಿದಳು.

"ಕುಂದರ್ರಿ ಯವ್ವಾ. ಜ್ವಾಳದ ಹಿಟ್ಟು ನಿನ್ನೇನ ಮುಗದೈತಿ ನೋಡ್ರಿ. ಚಾ ಅಷ್ಟ ಕುಡೀರಿ."

ಚಹಾ ಕೊಟ್ಟು ಆಕೆ ಮಗನ ಎದುರಿಗೇ ಕುಕ್ಕರಗಾಲಲ್ಲಿ ಕೂತಳು. ನಮ್ಮ ಕಡೆ ತಿರುಗಿ ಅವನ ಮೇಲೆ ದೂರು ಹೇಳತೊಡಗಿದಳು.

"ಉಣವಲ್ಲ, ಮಾತಾಡವಲ್ಲ. ಕೇಳಿದ್ರ ಮುದುಕಿ ಹ್ವಾದಳು, ಬೀಳ್ತಾಳ ಅಂತ ಅಳತಾನ. ಮಾತು ನಿಂತ್ರ ನಿಲ್ಲಲಿ, ವಯಸ್ಸಾದ ಮ್ಯಾಲ ನಿಲ್ಲತಾವ, ನನಗರೆ ಎಷ್ಟ್ ಮಾತು ಉಳದಾವು? ಬೀಳೂದ್ಯಾಕ? ಎತ್ತಿ ಇಡಾಕ ಬೇಕಾದಷ್ಟು ಇಟ್ಟೇನಿ ಅಂತಿದ್ದನಲ್ಲ ಇಂವಾ. ಈಗ ಎಲ್ಲಾ ಮುಗದೈತಿ ಅಂತಾನ." ಆಕೆ ಮುಂದೆ ಬಾಗಿ ಮಗನ ಮೊಣಕಾಲು ಹಿಡಿದಳು. ದನಿ ಗುಟ್ಟು ಹೇಳುವವರ ದನಿಯಾಯಿತು. "ನನ್ನ ಮುಂದರೆ ಖರೇ ಹೇಳೋ. ನಾ ಹಡದ ಮಗಾ ನೀ. ತಳಾ ಬಳಿಯಾಂವಲ್ಲ. ಒಂದ್ ಹಿಡಿ ಇಟ್ಟೀಯಲ್ಲ?"

ಹಜರತಅಲಿ ಚಹಾದ ಬಟ್ಟಲು ಕೆಳಗಿಟ್ಟು ತಲೆ ತಗ್ಗಿಸಿದ. ಉಡಚಪ್ಪ ತಾಯಿಯ ಮುಖವನ್ನೇ ನೋಡುತ್ತಿದ್ದ. ಬೆಳ್ಳಗಾದ ಆ ಎರಡು ಕಣ್ಣುಗಳಲ್ಲಿ ಎಷ್ಟು ಭರವಸೆ ಇತ್ತೆಂದರೆ ನನಗೆ ನೋಡಲಾಗಲಿಲ್ಲ. ಇದ್ದಾಗಲೆಲ್ಲ ಇಲ್ಲ ಎಂದೇ ಬದುಕಿದ ಮನುಷ್ಯ ಬಾಯಿ ತೆರೆದ.

"ಹೌದವ್ವಾ. ಒಂದ್ ಹಿಡಿ ಐತಿ."

"ಬೀಳೂದಿಲ್ಲಲ್ಲ?"

"ಬೀಳೂದಿಲ್ಲ."

"ಅದ ಅಂದ್ನಿ," ಎಂದು ಚೌಡವ್ವ ನನ್ನ ಕಡೆ ನೋಡಿ ನಕ್ಕಳು. ಸೊಂಟಕ್ಕೆ ಕೈಯೂರಿ ಎದ್ದು ಒಳಗೆ ಹೋದಳು. ಗಡಿಗೆಯ ಮುಚ್ಚಳ ತೆಗೆದ ಸದ್ದಾಯಿತು, ಸ್ವಲ್ಪ ಹೊತ್ತಿಗೆ ಬೀಸುವ ಕಲ್ಲಿನ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು. ಬಿಸಿ ರೊಟ್ಟಿ ನಮ್ಮ ಮುಂದೆ ಬಂತು. ಹಜರತಅಲಿ ಅಳುತ್ತಲೇ ತಿಂದ. ಉಡಚಪ್ಪ ಒಂದು ತುಂಡು ಮುರಿದು ಕೈಯಲ್ಲಿ ಹಿಡಿದುಕೊಂಡು ಕೂತ, ನಾವು ಎದ್ದು ಬರುವಾಗಲೂ ಅದು ಅವನ ಕೈಯಲ್ಲೇ ಇತ್ತು.